ಗಂಡಸರ ಕಡೆಯ ದುಪ್ಪಟಿ

ಸೋಮವಾರ ನಸುಕಿಗೇ ಬರುತ್ತವೆ, ಕೈಗಾಡಿಯಲ್ಲಿ,
ಗಂಡಸರ ಕಡೆಯ ದುಪ್ಪಟಿಗಳು.
ಅವರಿಗೂ ನಮಗೂ ನಡುವೆ ಹನ್ನೆರಡಡಿ ಗೋಡೆ,
ಗೋಡೆಯ ಮೇಲೆ ಗಾಜಿನ ಚೂರು.
ದುಡಿಮೆಮನೆಯ ಬಾಗಿಲು ದಾಟಿದ ದಿನ
ಎನಾಕನನ್ನು ಎಡಕ್ಕೆ ಕಳಿಸಿದರು, ನನ್ನನ್ನು ಬಲಕ್ಕೆ.
ಅವನ ಅಂಗಿ, ಮಂಡಿಯುದ್ದದ ಬೂಟು
ಗಂಧಕದ ಹೊಗೆ ಕುಡಿದು
ಉಗ್ರಾಣದ ಅಟ್ಟಕ್ಕೆ ಹೋದವು
ಹಾವುಮೀನಿನ ವಾಸನೆ ಸಮೇತ.

ಅಕ್ಷರ ಬಾರದು ನನಗೆ, ಅಂಕಿ ಮಾತ್ರ ಬಲ್ಲೆ.
ಆದರೂ ದುಪ್ಪಟಿ ಓದುತ್ತೇನೆ.
ಅಂಚಿನ ಹಳದಿ, ಜೌಗುನಾಡಿನ ಚಳಿಜ್ವರ ಬೆವರಿದ್ದು.
ನೀರುಗಂಜಿಯಂಥದ್ದು ಭೇದಿಯದು,
ಅದನ್ನು ಬೇರೆ ಹಂಡೆಗೆ ಹಾಕು ಅನ್ನುತ್ತಾಳೆ ಮೇಟ್ರನ್, ಮೂಗು ಮುಚ್ಚಿ.
ತುಕ್ಕಿನ ಬಣ್ಣ ಎದೆಯಿಂದ ಬಂದದ್ದು,
ಸೋಡಾ ಹಾಕಿ ಕೈ ಸುಲಿಯುವಷ್ಟು ಉಜ್ಜಿದರೂ ಹೋಗದು.
ಮುದುಕ ಜೇಬೆಜ್ ತೀರಿಕೊಂಡದ್ದು
ಅವನ ಮಗಳಿಗಿಂತ ಮೊದಲು ನನಗೆ ಗೊತ್ತಾಗಿತ್ತು.
ಹೇಳಲಿಲ್ಲ. ಪಕ್ಕದಲ್ಲೇ ನಿಂತು ಹಿಂಡುತ್ತಿದ್ದಳು.

ನಲವತ್ತೊಂದು ಎನಾಕನ ಹಾಸಿಗೆ.
ಪ್ರತಿ ವಾರ ದುಪ್ಪಟಿಯ ಮೂಲೆಗೊಂದು ಗಂಟು,
ಮೀನಿನ ಬುಟ್ಟಿಯ ಬಾಯಿಗೆ ಹಾಕುತ್ತಿದ್ದನಲ್ಲ, ಅದೇ.
ಎಳೆದಷ್ಟೂ ಬಿಗಿಯುವುದು,
ಒಂದು ಮಗ್ಗುಲಲ್ಲಿ ಒತ್ತಿದರೆ ಥಟ್ಟನೆ ಬಿಡುವುದು.
ಒದ್ದೆ ಬೆರಳಲ್ಲಿ ಒತ್ತುತ್ತಿದ್ದೆ.
ಅಷ್ಟೇ ನಮ್ಮ ಸಂಸಾರ.

ಜನವರಿಯಲ್ಲಿ ತುಕ್ಕು ಕಂಡಿತು.
ಗಂಟು ಸಡಿಲಾಯಿತು, ಆಮೇಲೆ ಬರೀ ತಿರುಚು.
ಅದರ ಮುಂದಿನದರಲ್ಲಿ ಹಲ್ಲಿನ ಗುರುತು,
ಕೈ ಸೋತಿರಬೇಕು.

ಮತ್ತೊಂದು ಸೋಮವಾರ.
ಮೂವತ್ತೊಂಬತ್ತು, ನಲವತ್ತು, ನಲವತ್ತೆರಡು.
ತಿರುಗಿ ಎಣಿಸಿದೆ.
ಮೇಟ್ರನ್ ಪುಸ್ತಕದ ಮೇಲೆ ಬೆರಳಾಡಿಸಿ,
‘ಗೆಡ್ಜ್, ಒಂದು ದುಪ್ಪಟಿ ಖರ್ಚಿಗೆ ಬರೆದಿದೆ’ ಅಂದಳು.

ಕೇಳುವವರಿಲ್ಲದ ಹೆಣ ರೈಲು ಹತ್ತಿ
ಕೇಂಬ್ರಿಜ್ಜಿಗೆ ಹೋಗುತ್ತದಂತೆ,
ವೈದ್ಯ ಕಲಿಯುವ ಹುಡುಗರ ಮೇಜಿಗೆ.
ನಾನು ಕೇಳಿದೆ.
ಗೋಡೆಯ ಈಚೆಯಿಂದ ಕೇಳಿದ್ದು
ಲೆಕ್ಕಕ್ಕೆ ಬರುತ್ತದೋ ಇಲ್ಲವೋ.
ಹುಟ್ಟಿದಾಗಿನಿಂದ ಜೌಗು ಬಿಟ್ಟು ಹೋದವನಲ್ಲ,
ರೈಲು ಕಂಡರೆ ಹೆದರುತ್ತಿದ್ದ.

ಇವತ್ತು ಹೊಸ ನಲವತ್ತೊಂದು ಬಂದಿದೆ.
ಯಾರೋ ಎಳೆಯ ಹುಡುಗ, ಉಚ್ಚೆ ಹೊಯ್ದುಕೊಂಡಿದ್ದಾನೆ.
ಮೊದಲ ರಾತ್ರಿಯಿರಬೇಕು.
ಒಗೆದು, ಹಿಂಡಿ, ಒಣಗಿಸಿ, ಇಸ್ತ್ರಿ ಎಳೆದು
ಮೂಲೆ ಹಿಡಿದು ಕೂತೆ.
ಹದಿನೇಳು ವಾರ ಬಿಚ್ಚಿದ ಕೈ ಇದು.
ಕಟ್ಟುವುದು ಹೇಗೆಂದು
ಒಮ್ಮೆಯೂ ನೋಡಿಕೊಂಡಿರಲಿಲ್ಲ.