ಮೊದಲನೇ ಆಟ

ಹತ್ತೊಂಬತ್ತು ವರ್ಷ
ಕೋಲಾರದ ಟೊಮ್ಯಾಟೊ ಮಂಡೀಲಿ ಹರಾಜು ಕೂಗಿದ ಗಂಟಲಿದು.
ಲಾರಿ ಹಾರ್ನು, ಹಮಾಲಿಗಳ ಬೈಗುಳ, ಬೆಳಗಿನ ಜಾವದ ಶೀತ
ಎಲ್ಲಾನೂ ಮೆಟ್ಟಿ ನಿಂತು
ಕೊನೇ ಸಾಲಿನ ನಾಸಿಕ್ ಸೇಟು ಫೋನಿಂದ ತಲೆ ಎತ್ತೋ ಹಂಗೆ ಕೂಗೈತೆ.
ಈಗ ನೋಡಿ,
ಬಂಗಾರಪೇಟೆ ರಸ್ತೆ ಮೈದಾನದ ಗುಡಾರದ ಹಿಂದೆ
ಎರಡು ಪರದೆ ನಡುವೆ ಸಿಕ್ಕೊಂಡು
ಉಗುಳು ನುಂಗಕ್ಕೂ ಆಗ್ತಿಲ್ಲ.

ಮ್ಯಾನೇಜರ್ ಚಾತ್ತುಕುಟ್ಟಿ ಮೊನ್ನೆ ಮಂಡಿಗೆ ಬಂದಿದ್ದು
ಗ್ಯಾಲರಿ ಹಲಗೆಗೆ ಆಸರೆ ಕೊಡೋಕೆ ಹಳೇ ಕ್ರೇಟು ಕೇಳ್ಕೊಂಡು.
ನನ್ನ ಕೂಗು ಕಿವಿಗೆ ಬಿದ್ದು ಕ್ರೇಟು ಮರೆತ.
ನಮ್ಮ ಅನೌನ್ಸರ್‌ಗೆ ಕನ್ನಡ ಬರಲ್ಲ, ನೀನು ಬರ್ತೀಯಾ ಅಂದ,
ಅರ್ಧ ಮಲಯಾಳದಲ್ಲಿ, ಅರ್ಧ ಕೈಯಲ್ಲಿ.
ಮೊದಲನೇ ಆಟಕ್ಕೆ ಎಂಟುನೂರು. ಕೋಟು ಅವರದು.

ಕೋಟು ಅವರದೇ. ಕೆಂಪು ಮಖಮಲ್ಲು,
ತೋಳು ಮೊಣಕೈ ದಾಟಿ ಅಲ್ಲೇ ನಿಂತುಬಿಡ್ತು.
ತೀರಿಕೊಂಡ ರಿಂಗ್‌ ಮಾಸ್ಟರದಂತೆ. ಜೇಬಲ್ಲಿ
ಅಕ್ಷರ ಅಳಿಸಿಹೋದ ಬಸ್ ಟಿಕೆಟ್ಟು, ಒಂದೇ ಒಂದು ಲವಂಗ.
ಬಾಯಿಗೆ ಹಾಕ್ಕೊಂಡೆ.
ಯಾರದಾದ್ರೇನು, ಲವಂಗ ಲವಂಗಾನೇ.

ಇಲ್ಲಿ ಯಾರೂ ಯಾರ ಮುಖಾನೂ ನೋಡಲ್ಲ.
ಸೈಕಲ್ ಹುಡುಗೀರು ಚೈನಿಗೆ ಎಣ್ಣೆ ಬಿಟ್ಟು
ಒರೆಸಿದ ಹಲ್ಲನ್ನೇ ಮತ್ತೆ ಒರೆಸ್ತಾರೆ.
ಜೋಕರ್ ಬಿಲಾಸಿಗೆ ಬಾಯಿ ಬಳಿದಾಯ್ತು,
ಹುಬ್ಬಿಗೆ ಬಂದಾಗ ಕುಂಚ ನಡುಗ್ತದೆ.
ಮೂವತ್ತು ವರ್ಷದಿಂದ ಇದೇ ಕೆಲಸ ಅಂತೆ,
ಪ್ರತಿ ಊರಲ್ಲೂ ಮೊದಲನೇ ಆಟದ ದಿನ ವಾಂತಿ ಅಂತೆ,
ಹೇಳಿ ಬಕೆಟ್ಟನ್ನ ಕಾಲಲ್ಲಿ ಹತ್ತಿರ ಎಳ್ಕೊಂಡ.
ಜನರೇಟರ್ ಒಂದ್ಸಲ ಕೆಮ್ಮಿತು.
ಎಲ್ಲರೂ ಕೆಮ್ಮಿದರು.

ಪರದೆ ಹರುಕಿಗೆ ಕಣ್ಣು ಕೊಟ್ಟೆ.
ಅಯ್ಯೋ, ನಮ್ಮೋರೇ!
ಹಮಾಲಿ ಮುನಿಶಾಮಿ ಇಸ್ತ್ರಿ ಹಾಕಿದ ಶರ್ಟಲ್ಲಿ ಗುರುತೇ ಸಿಗಲ್ಲ.
ದಲ್ಲಾಳಿ ಖಾದರ್ ಸಾಬ್ರು ಬೀಗರ ಜೊತೆ, ಕಡಲೆಕಾಯಿ ಜೊತೆ.
ಯಾರಿಗೂ ಹೇಳಲ್ಲ ಅಂದಿದ್ದ ನನ್ನ ಹೆಂಡ್ತಿ ಸೊಣ್ಣಮ್ಮ
ಇಡೀ ಬೀದೀನೇ ಕರ್ಕೊಂಡು ಬಂದವಳೆ.
ಅವರ ಭಾರ ಹೊತ್ತಿರೋದು ಮಂಡಿಯ ಕ್ರೇಟುಗಳೇ,
ಪಾಪ, ಅವಕ್ಕೂ ಇವತ್ತೇ ಹೊಸ ಕೆಲಸ.

ನನ್ನ ಭಯ ಏನಂದ್ರೆ,
ಮಹನೀಯರೇ ಮಹಿಳೆಯರೇ ಅನ್ನೋಕೆ ಬಾಯಿ ತೆಗೆದು
ಹಳೇದೇ ಬಂದುಬಿಟ್ರೆ?
ಹದಿನೈದು ಕೇಜಿ ಬಾಕ್ಸು, ನೂರೆಂಬತ್ತು, ನೂರೆಂಬತ್ತೈದು,
ನೋಡಿ ಸಾಮಿ ಮಾಲು ನೋಡಿ, ಕಲ್ಲಿನಂಗೈತೆ...
ಮೇಲೆ ಬರೀ ಎರಡು ಹಗ್ಗಕ್ಕೆ ಜೋತಿರೋ ಹುಡುಗಿಗೆ
ರೇಟು ಕಟ್ಟಿಬಿಟ್ರೆ?

ಅಷ್ಟರಲ್ಲಿ ಅವಳೇ ಬಂದಳು. ಜೂನ್‌ಮಣಿ.
ಅಸ್ಸಾಮಿನೋಳು. ಮೊಣಕೈವರೆಗೂ ಬಿಳೀ ಪುಡಿ,
ಆಗ ತಾನೇ ರಾಗಿಹಿಟ್ಟಲ್ಲ, ಅಕ್ಕಿಹಿಟ್ಟು ಕಲಸಿ ಬಂದೋಳ ಹಂಗೆ.
ಜನದ ಎದುರು ಒಂದು ಹಿಡಿ ಬಿಟ್ಟು ಇನ್ನೊಂದಕ್ಕೆ ಹಾರೋದು
ಅವಳಿಗೆ ಇವತ್ತೇ ಮೊದಲು.
ಹಿಂದೀಲಿ ಅಂದಳು, ನಿಧಾನಕ್ಕೆ, ನಂಗೆ ಅರ್ಥ ಆಗಲಿ ಅಂತ:
ಭೈಯಾ, ಆ ಕಡೆ ಕೈ ಸಿಗೋವರೆಗೂ ನನ್ನ ಹೆಸರು ಕೂಗಬೇಡ.
ಹೆಸರು ಕೇಳಿದ್ರೆ ತಿರುಗ್ತೀನಿ.

ಒಂದು ಸಲ, ಎರಡು ಸಲ,
ಮೂರನೇದಕ್ಕೆ ಮುಂಚೆ ಹರಾಜಲ್ಲಿ ಒಂದು ಸಣ್ಣ ಜಾಗ ಐತೆ.
ಅಲ್ಲಿ ನೊಣಾನೂ ಹಾರಲ್ಲ.
ಅಲ್ಲಿ ಬಾಯಿ ಮುಚ್ಕೊಂಡು ನಿಲ್ಲೋದು
ನಾನು ಕಲಿಯೋಕೆ ಏಳು ವರ್ಷ ಹಿಡೀತು.
ಅದನ್ನೆಲ್ಲಾ ಯಾವ ಹಿಂದೀಲಿ ಹೇಳಲಿ?
ಕೂಗಲ್ಲಮ್ಮ ಅಂದೆ, ಕನ್ನಡದಲ್ಲೇ.
ತಲೆ ಆಡಿಸಿ ಹೋದಳು. ಕೋಟಿನ ತೋಳ ಮೇಲೆ
ಐದು ಬಿಳೀ ಬೆರಳು ಉಳಿದವು. ಒರೆಸಲಿಲ್ಲ.

ಬೆಲ್ಲು ಹೊಡೀತು.
ಯಾರದೋ ಕೈ ಬೆನ್ನು ತಳ್ಳಿತು, ತಣ್ಣಗಿತ್ತು.
ಇನ್ಯಾರೋ ಮೈಕು ಕೊಟ್ಟರು.
ಅದು ಆಗಲೇ ಆನ್ ಆಗಿತ್ತಂತೆ, ನಂಗೇನು ಗೊತ್ತು.
ಹಲ್ಲಡಿ ಸಿಕ್ಕ ಲವಂಗ ಕಟಕ್ ಅಂತ ಮುರಿದಿದ್ದು
ಇಡೀ ಗುಡಾರಕ್ಕೆ ಕೇಳಿಸ್ತು.
ಕತ್ತಲಲ್ಲಿ ಒಂದು ಮಗು ನಕ್ಕಿತು.

ಪರದೆ ಸರೀತು.