ಯಾವುದು ಯಾರ ಪಾಲು

ಲಕ್ವ ಬಂದಾಗ ಈ ಮೈ ಖಾಲಿ ಮನೆಯೇನೂ ಆಗಿರಲಿಲ್ಲ.
ಹನ್ನೊಂದು ವರ್ಷದಿಂದ ಶುಗರು
ಎರಡೂ ಪಾದದಲ್ಲಿ ಬಾಡಿಗೆಗಿತ್ತು.
ಎದೆಯಲ್ಲಿ ಉಬ್ಬಸ, ಅದು ಇನ್ನೂ ಹಳೇದು,
ಬಾಡಿಗೆಯನ್ನೂ ಕೊಡದೆ.

ಚಿಕ್ಕಬಳ್ಳಾಪುರದ ದೊಡ್ಡಾಸ್ಪತ್ರೆಯ ಕೇಸ್ ಶೀಟಿನಲ್ಲಿ ಮಾತ್ರ
ಎಲ್ಲಾ ಒಂದೇ ಬೆಳಗಿನ ಕೆಲಸ.

ಡಾಕ್ಟರು ಪಿನ್ನು ಹಿಡಿದು ಬಂದರು.
ಬಲಗೈ ತೋರುಬೆರಳ ತುದಿಗೆ ಚುಚ್ಚಿ
ಗೊತ್ತಾಯ್ತಾ ಅಂದರು.
ಇಲ್ಲವೆಂದು ತಲೆಯಾಡಿಸಿದೆ. ಬರಕೊಂಡರು.
ಅಯ್ಯಾ, ಆ ಬೆರಳು
ಮೂವತ್ತು ವರ್ಷ ಕುದಿವ ನೀರಲ್ಲಿ ಗೂಡು ತಡವಿ
ಶಿಡ್ಲಘಟ್ಟದ ಬೇಸಿನ್ನಿನಲ್ಲೇ ಸತ್ತುಹೋಗಿತ್ತು.
ರೇಷನ್ ಅಂಗಡಿಯ ಮಿಷನ್ನಿಗೂ ಅದರ ಗುರುತಿಲ್ಲ.
ಇದನ್ನೆಲ್ಲ ಹೇಳಬೇಕಾದ ನಾಲಿಗೆ
ಬಾಯಲ್ಲಿ ನೆನೆದ ಬಟ್ಟೆಯಂತೆ ಬಿದ್ದಿತ್ತು.

ಆಮೇಲೆ ಅಂಗಾಲು.
ಎಡಗಾಲಿಗೂ ತಿಳಿಯಲಿಲ್ಲವೆಂದಾಗ ಅವರೇ ತಬ್ಬಿಬ್ಬು,
ಲಕ್ವ ಹೊಡೆದದ್ದು ಬಲಕ್ಕಲ್ಲವೇ?
ಹೌದು ಸ್ವಾಮಿ, ಎಡದ್ದು ಶುಗರಿನ ಪಾಲು.
ಬಲದ್ದು ಯಾರದೋ ನನಗೂ ತಿಳಿಯದು,
ಅಲ್ಲಿ ಇಬ್ಬರೂ ಜಗಳಕ್ಕೆ ನಿಂತಿದ್ದಾರೆ.

ಫಿಸಿಯೋ ಹುಡುಗ ಗೌರಿಬಿದನೂರಿನವನು, ಒಳ್ಳೆಯವನೇ.
ಹತ್ತು ಹೆಜ್ಜೆ ಅಮ್ಮ, ಬರೀ ಹತ್ತು, ಅನ್ನುತ್ತಾನೆ.
ಕಾಲು ಇನ್ನೂ ಯೋಚಿಸುತ್ತಿರುವಾಗಲೇ
ನಾಲ್ಕನೆಯದಕ್ಕೆ ಎದೆ ಸಿಳ್ಳೆ ಹಾಕುತ್ತದೆ.
ಗೋಡೆ ಹಿಡಿದು ನಿಲ್ಲುತ್ತೇನೆ.
ಮನಸ್ಸು ಮಾಡ್ಬೇಕಮ್ಮ, ಅನ್ನುತ್ತಾನೆ.
ಮನಸ್ಸು ಆಗಲೇ ಹತ್ತನೇ ಹೆಜ್ಜೆಗೆ ಹೋಗಿ ಕೂತು
ನನ್ನನ್ನು ಕಾಯುತ್ತಿದೆ ಕಣಪ್ಪ.
ಉಸಿರು ಬರಬೇಕಲ್ಲ.

ಅದಕ್ಕಿಂತ ನೋವಾದದ್ದು ಕಿವಿಯ ವಿಷಯ.
ಮಂಚದ ಬಲಕ್ಕೆ ಗೋಡೆ.
ಕೇಳುವ ಕಿವಿ ದಿಂಬಿಗೆ ಒತ್ತಿತ್ತು.
ಬಂದವರೆಲ್ಲ ಎಡಕ್ಕೇ ನಿಂತು ಮಾತಾಡಿದರು,
ಹುರಿ ಮಿಷನ್ನಿನ ಸದ್ದು ತಿಂದುಹಾಕಿದ ಕಿವಿಯ ಕಡೆ.
ಕಣ್ಣು ಮುಚ್ಚಿ ಅಂದರಂತೆ, ನಾನು ಮುಚ್ಚಲಿಲ್ಲ.
ಇದು ಯಾವ ಊರು ಅಂದರಂತೆ, ನಾನು ಫ್ಯಾನು ನೋಡುತ್ತಿದ್ದೆ.
ಅರ್ಥವಾಗುವುದಿಲ್ಲ ಎಂದು ಬರೆದರು.
ಅಂದಿನಿಂದ ಸೊಸೆ ನನ್ನೆದುರೇ
ನನ್ನ ಇನ್ಸುಲಿನ್ನಿನ ಲೆಕ್ಕ ತೆಗೆದಳು,
ಎಷ್ಟು ಗಟ್ಟಿಯಾಗಿ ಎಂದರೆ
ಅದೊಂದು ಮಾತ್ರ ಪೂರ್ತಿ ಕೇಳಿಸಿತು.

ಹನ್ನೆರಡನೇ ದಿನ ಖುರ್ಷೀದಾ ಬಂದಳು,
ಪಕ್ಕದ ಬೇಸಿನ್ನಿನವಳು.
ಬಂದವಳೇ ಯಾರನ್ನೂ ಕೇಳದೆ
ಮಂಚವನ್ನು ಗೋಡೆಯಿಂದ ಈಚೆಗೆ ಎಳೆದಳು.
ಸಂದಿಯಲ್ಲಿ ನುಸುಳಿ ಬಲಕ್ಕೆ ಕೂತು
ಏಳದ ಕೈಯನ್ನು ಮಡಿಲಿಗೆ ಹಾಕಿಕೊಂಡು
ಮೊದಲಿನಂತೆಯೇ ಕಿವಿಗೆ ಬಾಯಿಟ್ಟಳು:
ಪಿಳ್ಳಮ್ಮಕ್ಕಾ, ಇವತ್ತು ಗೂಡು ಕೇಜಿಗೆ ಆರುನೂರಾ ಇಪ್ಪತ್ತು.

ಎಷ್ಟೋ ಹೊತ್ತು.
ಬೆಂದ ಗೂಡಿನ ಎಳೆಯ ತುದಿ ಸಿಗುವವರೆಗೆ
ಬೇಸಿನ್ನಿನ ಮುಂದೆ ಕೂರುತ್ತಿದ್ದಂತೆ ಕೂತಿದ್ದಳು,
ಸಿಗುತ್ತದೆಂದು ಗೊತ್ತಿರುವವಳು.

ಜಾಸ್ತಿ, ಅಂದೆ.
ಜಾ ಒಂದು ಕಡೆ, ಸ್ತಿ ಇನ್ನೊಂದು ಕಡೆ ಬಿತ್ತು.
ಖುರ್ಷೀದಾ ಎರಡನ್ನೂ ಆರಿಸಿಕೊಂಡು
ನಕ್ಕಳು, ಮೂಗೊರೆಸಿಕೊಂಡಳು.

ಫಿಸಿಯೋ ಹುಡುಗ ಓಡಿಬಂದು
ಏನಂದ್ರಿ ಅಮ್ಮ, ಏನಂದ್ರಿ, ಎಂದು ಕೇಳಿದನಂತೆ.
ಎಡಗಡೆಯಿಂದಲೇ.