ಎಂಬತ್ತು ಮೈಕ್ರಾನ್

ಕೌನಸ್ ಊರಿನ ಹೊರಗೆ, ಟೈರು ಗೋದಾಮಿನ ಹಿಂದೆ
ನನ್ನ ಶೆಡ್ಡು. ಪಾಲಿಶ್ ಕೆಲಸ. ಹತ್ತೊಂಬತ್ತು ವರ್ಷ.
ಮಾರ್ಚ್ ತಿಂಗಳು; ರಸ್ತೆಯ ಉಪ್ಪು ಇನ್ನೂ ಚಕ್ರದ ಕಂಕುಳಲ್ಲಿ.

ಅಲ್ದೋನಾ ಬಂದಳು. ಮಕ್ಕಳ ವಾರ್ಡಿನಲ್ಲಿ ನರ್ಸಾಗಿದ್ದವಳು, ಗಟ್ಟಿ ದನಿ.
ಕಾರು ಬೂದಿ ಬಣ್ಣದ್ದು, ಮೂರು ವರ್ಷದ್ದು.
ಎಡಬಾಗಿಲ ಮೇಲೆ ಮೊಳೆಯಲ್ಲಿ ಗೀಚಿದ ಒಂದೇ ಅಕ್ಷರ.
ಮೊಮ್ಮಗ ಝಿಗಿಮಾಂತಸ್, ಐದು ವರ್ಷ,
ಹೆಸರಿನ ಮೊದಲಕ್ಷರ ಕಲಿತ ದಿನವೇ
ಸಿಕ್ಕ ಹಲಗೆಯ ಮೇಲೆ ಬರೆದಿದ್ದ,
ತಲೆಯ ಮೇಲಿನ ಕೊಕ್ಕೆಯನ್ನೂ ಮರೆಯದೆ.

"ಉಜ್ಜಿಬಿಡು," ಅಂದಳು, "ಹೋಗುತ್ತಲ್ಲ?"

ಉಜ್ಜುವ ಮುಂಚೆ ಮೀಟರು ಒತ್ತಿ ನೋಡುವುದು ರೂಢಿ.
ಟಿಕ್. ಎಂಬತ್ತೊಂದು. ಟಿಕ್. ಎಪ್ಪತ್ತೆಂಟು.
ಪ್ರೈಮರು, ಬಣ್ಣ, ಮೇಲಿನ ಗಾಜಿನಂಥ ವಾರ್ನಿಶು
ಎಲ್ಲ ಸೇರಿ ಒಂದು ಕೂದಲೆಳೆಯಷ್ಟು ದಪ್ಪ,
ಉಫ್ ಅಂದರೆ ಸರಿಯುವ ಹಾಲಿನ ಕೆನೆ.
ಕಾರ್ಖಾನೆಯ ರೋಬೋಟಿಗೆ ಕೈ ನಡುಗುವುದಿಲ್ಲ, ನಿಜ;
ಒಂದು ತೊಟ್ಟು ಹೆಚ್ಚಿಗೆ ಬೀಳುವುದೂ ಇಲ್ಲ.
ನಮ್ಮಪ್ಪ ತನ್ನ ಹಳೇ ವ್ಯಾನಿಗೆ ಬ್ರಶ್ಶಿನಲ್ಲೇ
ಬೇಲಿಗೆ ತಂದ ಹಸಿರು ಬಳಿದಿದ್ದ, ನಾಲ್ಕು ಸಲ.
ಕುರೂಪ. ಆದರೆ ಬ್ರಶ್ಶಿನಿಂದ ಉದುರಿದ ಒಂದು ಕೂದಲು
ಇವತ್ತಿಗೂ ಅದರ ಬಾನೆಟ್ಟಿನಲ್ಲಿ ಭದ್ರವಾಗಿದೆ.

ಹೋದ ವರ್ಷ ಒಬ್ಬರ ಬಾನೆಟ್ಟಿನ ಅಂಚಲ್ಲಿ
ಎರಡು ಸೆಕೆಂಡು ಹೆಚ್ಚು ನಿಂತಿದ್ದೆ, ಅಷ್ಟೇ;
ಪ್ಯಾಡಿಗೆ ಬಣ್ಣ ಬಂತು, ನನ್ನ ಬಾಯಿ ಒಣಗಿತು.
ಅದನ್ನು ಅವಳಿಗೆ ಹೇಳಲಿಲ್ಲ.
"ಗೀರು ಆಳಕ್ಕಿದೆ, ಉಜ್ಜಲು ಏನೂ ಉಳಿದಿಲ್ಲ.
ಬಾಗಿಲಿಗೆ ಹೊಸ ಬಣ್ಣ ಹೊಡೆಸಬಹುದು. ಆದರೆ ನಾಳೆ
ಮಾರುವಾಗ, ಕೊಳ್ಳುವವ ಹೀಗೇ ಮೀಟರು ಒತ್ತುತ್ತಾನೆ,
ದಪ್ಪ ಕಂಡರೆ ಗುದ್ದಿಸಿಕೊಂಡ ಗಾಡಿ ಅನ್ನುತ್ತಾನೆ.
ನಮ್ಮ ಕಸುಬಿನಲ್ಲಿ ತೆಳುವೇ ಸಾಚಾ."

ಅವಳಿಗೆ ನಂಬಿಕೆಯಿಲ್ಲ. ಮೀಟರು ಕಿತ್ತುಕೊಂಡು
ಮಗುವಿನ ಎದೆಗೆ ಸ್ಟೆತಸ್ಕೋಪು ಇಟ್ಟಂತೆ
ತಾನೇ ಒಂದು ಸುತ್ತು ಬಂದಳು. ಎಪ್ಪತ್ತೊಂಬತ್ತು. ಎಂಬತ್ತೆರಡು.
ಬಲಬದಿಯ ಹಿಂಬಾಗಿಲು: ಇನ್ನೂರ ನಲವತ್ತು.
ಮತ್ತೆ ಒತ್ತಿದಳು. ಇನ್ನೂರ ಮೂವತ್ತೆಂಟು.

ಷೋರೂಮಿನಿಂದ ನೇರ ತಂದದ್ದು, ಹೊಚ್ಚ ಹೊಸದು,
ಹೂಗುಚ್ಛ ಕೊಟ್ಟು ಫೋಟೊ ಬೇರೆ ತೆಗೆದಿದ್ದರಂತೆ.
ಹಡಗಿನಲ್ಲೋ ಟ್ರಕ್ಕಿನಲ್ಲೋ, ಎಲ್ಲೋ
ಯಾರೋ ಗುದ್ದಿಸಿ, ಯಾರೋ ತೇಪೆ ಹಾಕಿ,
ಎಲ್ಲರೂ ಬಾಯಿ ಮುಚ್ಚಿಕೊಂಡಿದ್ದಾರೆ.

ನಾನು ಒರೆಸುವ ಬಟ್ಟೆ ಮಡಚಿದೆ, ಬಿಚ್ಚಿದೆ.
ಅವಳು ಆ ಬಾಗಿಲನ್ನು ಬೆರಳಗಂಟಿನಿಂದ ತಟ್ಟಿ
ಬಹಳ ಹೊತ್ತಿನ ಮೇಲೆ ಅಂದಳು:
"ಪೆದ್ದ ಹುಡುಗ. ಇದರ ಮೇಲೆ ಬರೆಯಬಾರದಿತ್ತೆ?"